ಕ್ಯಾಲೆಂಡರಿನ ಪೆನ್ಸಿಲ್ ಚುಕ್ಕೆ

ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿಗೂ ಕಿಟಕಿಗೂ ನಡುವೆ ಒಂದು ಮೊಳೆ ಇದೆ. ಮಾರೇನಹಳ್ಳಿಯ ಈ ಮನೆಗೆ ನಾನು ಸೊಸೆಯಾಗಿ ಬಂದ ದಿನದಿಂದ ಪ್ರತಿ ವರ್ಷವೂ ಆ ಮೊಳೆಗೆ ಒಂದು ಕ್ಯಾಲೆಂಡರು ನೇತುಬೀಳುತ್ತದೆ. ದೇವರ ಚಿತ್ರವೇ ಮುಕ್ಕಾಲು ಪಾಲು ಇರುವಂಥದ್ದಲ್ಲ. ತಿಥಿ, ನಕ್ಷತ್ರ, ರಾಹುಕಾಲಗಳನ್ನೆಲ್ಲ ಒಂದೊಂದು ಚೌಕದೊಳಗೆ ತುರುಕಿ, ಮೂಲೆಯಲ್ಲಿ ಬೆರಳಗಲ ಬಿಳಿ ಜಾಗ ಉಳಿಸಿರುವಂಥದ್ದು. ನಮಗೆ ಬೇಕಾದದ್ದು ಆ ಬಿಳಿ ಜಾಗ. ಹೊಸ ಸಿಲಿಂಡರ್ ಹಾಕಿದ ದಿನ ನಮ್ಮ ಯಜಮಾನರು ಅಲ್ಲಿ ‘ಗ್ಯಾ’ ಎಂದು ಬರೆಯುತ್ತಾರೆ, ಕಾವೇರಿ ನೀರು ಬಿಟ್ಟ ದಿನಕ್ಕೆ ಒಂದು ಸುತ್ತು ಹಾಕುತ್ತಾರೆ. ಓದು ಬಾರದ ಅತ್ತೆ ಅಮಾವಾಸ್ಯೆಯ ಕಪ್ಪು ಗುಂಡನ್ನೂ ಹುಣ್ಣಿಮೆಯ ಬಿಳಿ ಗುಂಡನ್ನೂ ಬೆರಳಿಟ್ಟು ಹುಡುಕಿ, ನಡುವಿನ ದಿನಗಳನ್ನು ತಾವೇ ಎಣಿಸಿಕೊಳ್ಳುತ್ತಾರೆ. ಮೊಳೆಗೆ ದಾರ ಕಟ್ಟಿ ಇಳಿಬಿಟ್ಟ ಒಂದು ಮೋಟು ಪೆನ್ಸಿಲ್ಲೂ ಇದೆ. ತಿಂಗಳಿಗೊಮ್ಮೆ, ಯಾರೂ ಇಲ್ಲದ ಹೊತ್ತು ನೋಡಿ, ಅದರಲ್ಲಿ ನಾನು ಒಂದು ಚುಕ್ಕೆ ಇಡುತ್ತಿದ್ದೆ. ಸಾಸಿವೆ ಕಾಳಿಗಿಂತ ಚಿಕ್ಕದು.

ಹೆಂಗಸರಾಗಿದ್ದರೆ ಆ ಚುಕ್ಕೆ ಯಾವುದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗಂಡಸರಾಗಿದ್ದರೆ ನಮ್ಮ ಯಜಮಾನರಂತೆ ಇಪ್ಪತ್ತೆಂಟು ವರ್ಷ ಕಾಯಬೇಡಿ, ಈಗಲೇ ಹೇಳಿಬಿಡುತ್ತೇನೆ: ಅದು ನಾನು ಮುಟ್ಟಾದ ದಿನದ ಗುರುತು. ಮದುವೆಯೋ ಗೃಹಪ್ರವೇಶವೋ ದೇವಸ್ಥಾನಕ್ಕೆ ಹೋಗುವುದೋ ಏನೇ ಇರಲಿ, ದಿನ ಗೊತ್ತುಮಾಡುವ ಮುಂಚೆ ಅತ್ತೆ ನನ್ನ ಮುಖ ನೋಡುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ, ಮಾತಿಲ್ಲದೆ ಮಾತುಕತೆ ಮುಗಿಯುತ್ತಿತ್ತು. ಮಾವನವರು ತೀರಿಕೊಂಡ ಮೇಲೆ ಅತ್ತೆ ಕಲಶ ಮುಟ್ಟುವುದಿಲ್ಲ. ಹಾಗಾಗಿ ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಕೂರುವವಳು ನಾನೊಬ್ಬಳೇ. ಹಬ್ಬಕ್ಕೂ ಒಂದು ತಾರೀಕು, ನನಗೂ ಒಂದು ತಾರೀಕು. ಎರಡೂ ಎದುರುಬದುರಾದಾಗ ಹಬ್ಬ ಯಾವತ್ತೂ ಪಕ್ಕಕ್ಕೆ ಸರಿಯಲಿಲ್ಲ, ಸರಿದದ್ದು ನಾನು. ಅದಕ್ಕೊಂದು ಮಾತ್ರೆ ಇದೆ, ಮುಂದೂಡುವ ಮಾತ್ರೆ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಜೀರಿಗೆ ಡಬ್ಬಿಯ ಹಿಂದೆ ಅದರ ಒಂದು ಪಟ್ಟಿ ಸಿಗದ ಮನೆ ಕಡಿಮೆ. ಯಾವ ಡಾಕ್ಟರನ್ನೂ ಕೇಳಿ ತಂದದ್ದಲ್ಲ, ಅಂಗಡಿಯವನು ಪೇಪರಿನಲ್ಲಿ ಸುತ್ತಿ ಕೊಟ್ಟದ್ದು. ನನ್ನ ಲೆಕ್ಕದಲ್ಲಿ ಹದಿನೈದು ಶ್ರಾವಣಗಳಾದರೂ ಆ ಪಟ್ಟಿಯ ಮೇಲೆ ನಡೆದಿವೆ.

ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತೇನೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಮತ್ತೆ ಶ್ರಾವಣ ಬಂತೆಂದರೆ ಮುಂದಿನ ವರ್ಷದ ಕ್ಯಾಲೆಂಡರುಗಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡಿ ಮಾಡಿ ತಪ್ಪು ಹುಡುಕುವುದು ನನಗೆ ಗುಣವೋ ರೋಗವೋ ಆಗಿಬಿಟ್ಟಿದೆ. ಹೋಟೆಲಿನ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಅಲ್ಲಿ ದೋಸೆ ರುಚಿಸುವುದಿಲ್ಲ. ಇಂಥವಳು ತನ್ನ ಮೈಯಲ್ಲಿ ಬಂದ ತಪ್ಪನ್ನು ಮಾತ್ರ ಕಣ್ಣುಮುಚ್ಚಿ ಪಾಸು ಮಾಡಿದಳೆಂಬುದೇ ಈಗ ಹೇಳಹೊರಟಿರುವ ಸಂಗತಿ.

ನಲವತ್ತೇಳಕ್ಕೆ ಚುಕ್ಕೆಗಳು ದಾರಿ ತಪ್ಪಿದವು. ಒಂದು ತಿಂಗಳು ಎರಡು, ಆಮೇಲೆ ಮೂರು ತಿಂಗಳು ಒಂದೂ ಇಲ್ಲ. ಕಾರ್ಡ್ ರೋಡಿನ ಬಸ್ಸಿನಲ್ಲಿ ಕೂತಿರುವಾಗ ಎದೆಯಿಂದ ಕಿವಿಯವರೆಗೆ ಇದ್ದಕ್ಕಿದ್ದಂತೆ ಬಿಸಿ ಹತ್ತಿ, ಡಿಸೆಂಬರಿನ ಬೆಳಗಿನಲ್ಲಿ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದೆ. ಪಕ್ಕದವರು ಸ್ವೆಟರಿನೊಳಗಿಂದ ನನ್ನನ್ನು ನೋಡುತ್ತಿದ್ದರು. ಮಂಡಿ ಹಿಡಿಯಿತು. ನಿದ್ದೆ ಹಾರಿಹೋಯಿತು. ಕೋಪವಂತೂ ಮೂಗಿನ ತುದಿಯಿಂದ ಇಳಿಯಲೇ ಇಲ್ಲ. ಹುಳಿಗೆ ಉಪ್ಪು ಸಾಲದು ಎಂದದ್ದಕ್ಕೆ ಯಜಮಾನರ ಮುಂದೆ ಉಪ್ಪಿನ ಜಾಡಿಯನ್ನೇ ಕುಕ್ಕಿದ್ದೇನೆ. ಕುಕ್ಕಿದ ಮೇಲೆ ಬಚ್ಚಲಿಗೆ ಹೋಗಿ ಅತ್ತಿದ್ದೇನೆ, ಯಾಕೆಂದು ನನಗೇ ತಿಳಿಯದು. ಹೇಳಿಕೊಂಡರೆ ಸಿಗುವ ಉತ್ತರ ಒಂದೇ: “ಎಲ್ರಿಗೂ ಆಗ್ತದೆ ಬಿಡು.” ಎಲ್ಲರಿಗೂ ಆಗುವುದಕ್ಕೆ ಯಾರೂ ಮದ್ದು ಹುಡುಕುವುದಿಲ್ಲ ನೋಡಿ.

ಒಂದು ವಿಚಿತ್ರ ನನಗೆ ಆಗ ಹೊಳೆದಿತ್ತು. ನಾನು ಮೈನೆರೆದಾಗ ನಮ್ಮೂರಲ್ಲಿ ಹಸಿರು ಗರಿಗಳ ಗುಡಿಸಲು ಹಾಕಿ, ಹೊಸ ಸೀರೆ ಉಡಿಸಿ, ಎಳ್ಳಿನ ಚಿಗಳಿ, ಕೊಬ್ಬರಿ ತಿನ್ನಿಸಿ ಆರತಿ ಎತ್ತಿದ್ದರು. ಬರುವಾಗ ಅಷ್ಟು ಸಂಭ್ರಮ ಕಂಡದ್ದು ಹೋಗುವಾಗ ಒಂದು ಲೋಟ ಮಜ್ಜಿಗೆಯನ್ನೂ ಕಾಣದೆ ಹೋಯಿತು. ಕೊನೆಯ ಚುಕ್ಕೆ ಇಡುವಾಗ ಅದು ಕೊನೆಯದೆಂದು ಇಡುವವಳಿಗೂ ಗೊತ್ತಿರುವುದಿಲ್ಲ. ವರ್ಷ ಕಳೆದು ಹಳೆಯ ಕ್ಯಾಲೆಂಡರು ಮಡಿಸಿ ಅಟ್ಟಕ್ಕೆ ಹಾಕುವಾಗ, ಓ, ಇದಾಗಿತ್ತಾ ಅದು ಎಂದು ತಿಳಿಯುತ್ತದೆ. ಅತ್ತೆಗೆ ಮಾತ್ರ ಸಮಾಧಾನವಾಗಿತ್ತು. “ಇನ್ ನಿಂಗೆ ಅಡ್ಡಿ ಆತಂಕ ಇಲ್ಲ ಕಣಮ್ಮ, ಯಾವ ಪೂಜೆಗಾದ್ರೂ ಕೂತ್ಕೋಬೋದು,” ಎಂದರು. ನಾನೂ ಜೀರಿಗೆ ಡಬ್ಬಿಯ ಹಿಂದಿನ ಪಟ್ಟಿಯನ್ನು ಕಸಕ್ಕೆ ಎಸೆದೆ.

ಎರಡೂವರೆ ವರ್ಷ ಗೋಡೆಯ ಮೇಲೆ ಗ್ಯಾಸು, ನೀರು ಎರಡೇ ಇದ್ದವು. ಈ ಶ್ರಾವಣದಲ್ಲಿ, ಹಬ್ಬಕ್ಕೆ ಇನ್ನೂ ಒಂದು ವಾರ ಇರುವಾಗ, ಬಟ್ಟೆಯಲ್ಲಿ ಒಂದು ಕಲೆ ಕಂಡಿತು.

ನಿಮ್ಮಿಂದ ಮುಚ್ಚಿಟ್ಟು ಏನು ಬಂತು? ಮೊದಲು ಆದದ್ದು ಭಯವಲ್ಲ, ಒಂದು ಬಗೆಯ ಜಂಬ. ಐವತ್ತಮೂರರಲ್ಲಿ ಮೈ ಇನ್ನೊಮ್ಮೆ ಹಿಂದಿರುಗಿ ನೋಡಿತೇ ಎಂದುಕೊಂಡು ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಂತೆ. ಆಮೇಲೆ ಭಯವಾಯಿತು, ಅದೂ ಹಬ್ಬದ ಬಗ್ಗೆ. ಮೂವತ್ತು ಮನೆಗೆ ಅರಿಶಿನ ಕುಂಕುಮಕ್ಕೆ ಹೇಳಿಯಾಗಿತ್ತು, ಅತ್ತೆ ಬೆಳ್ಳಿಯ ಮುಖವಾಡವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದರು. ಹಳೆಯ ಅಭ್ಯಾಸಕ್ಕೆ ಕಾಲುಗಳೇ ದಾರಿ ಹಿಡಿದವು. ಪರಿಚಯದ ಅಂಗಡಿ ಬೇಡವೆಂದು ಗೋವಿಂದರಾಜನಗರದವರೆಗೆ ನಡೆದು, ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆಯ ಹೆಸರು ಹೇಳಿದೆ. ಅಂಗಡಿಯವನು ನನ್ನ ಬಿಳಿಗೂದಲು ನೋಡಿ, “ಮಗಳಿಗಾ ಆಂಟಿ?” ಎಂದ. ನನಗೆ ಮಗಳಿಲ್ಲ. “ಹೂಂ,” ಎಂದೆ.

ಮಾತ್ರೆಗೆ ಕಲೆ ನಿಂತುಹೋಯಿತು. ನಿಂತದ್ದೇ ನನಗೆ ರುಜುವಾತಾಯಿತು, ಏನೂ ಇಲ್ಲವೆಂದು. ಹಬ್ಬ ಸಾಂಗವಾಗಿ ನಡೆಯಿತು. ಕಲಶಕ್ಕೆ ಸೀರೆಯ ನೆರಿಗೆ ಹಿಡಿಯುವಾಗ ಬಾಗಿಲಾಚೆ ಕೂತಿದ್ದ ಅತ್ತೆ, “ಲಕ್ಷ್ಮಿ ಬಂದು ಕುಂತಂಗೈತೆ,” ಎಂದು ಕಣ್ಣೊರೆಸಿಕೊಂಡರು. ಮಾತ್ರೆ ಬಿಟ್ಟ ಮೂರನೆಯ ದಿನ ಮತ್ತೆ ಬಂತು. ಈ ಸಲ ಕಲೆಯಲ್ಲ, ಧಾರಾಳವಾಗಿ.

ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಮಹಾದೇವಿ ಸಿಂದಗಿ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಎರಡು ತಾಸಿನಲ್ಲಿ ನಾನು ಮೂರು ಸಲ ಎದ್ದು ಹೋದದ್ದನ್ನು ನೋಡಿ ಹಿಂದೆಯೇ ಬಂದಳು. ಅವಳಿಗೆ ಸುಳ್ಳು ಹೇಳುವುದು ಆಗಲಿಲ್ಲ. ಕೇಳಿಸಿಕೊಂಡು ಅವಳು ದನಿ ಏರಿಸಲಿಲ್ಲ. “ಅಕ್ಕಾರ, ನಿಂತ್ ಮ್ಯಾಲ ಬಂದದ್ದು ಚಲೋ ಅಲ್ರಿ. ನಮ್ಮ ದೊಡ್ಡವ್ವಗ ಹಿಂಗ ಆಗಿತ್ತು. ಹರೇದ ವಯಸ್ಸು ತಿರಗಿ ಬಂತು ಅಂತ ನಗಚಾಟಿ ಮಾಡಿದ್ರು ಮನ್ಯಾಗ. ಇವತ್ತ ಹೋಗಿ ತೋರಿಸ್ಕೊಂಡು ಬರ್ರಿ,” ಎಂದಳು. ದೊಡ್ಡವ್ವ ಏನಾದರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಕೂತಿದ್ದ ಡಾಕ್ಟರಮ್ಮನಿಗೆ ನಲವತ್ತೂ ಇರಲಾರದು. ನಿಂತು ಎಷ್ಟು ವರ್ಷವಾಯಿತು, ಮತ್ತೆ ಯಾವಾಗ ಕಂಡಿತು ಎಂದೆಲ್ಲ ಕೇಳಿ, “ಅವತ್ತೇ ಯಾಕಮ್ಮ ಬರ್ಲಿಲ್ಲ?” ಎಂದರು. “ಹಬ್ಬ ಇತ್ತು,” ಎಂದೆ. ಮಾತ್ರೆಯ ವಿಷಯ ಹೇಳಿದಾಗ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. “ಒಂದ್ ವರ್ಷ ಪೂರ್ತಿ ನಿಂತ ಮೇಲೆ ಒಂದ್ ಹನಿ ಕಾಣಿಸಿದ್ರೂ ತೋರಿಸ್ಬೇಕು. ಹೆಚ್ಚು ಜನಕ್ಕೆ ದೊಡ್ಡದೇನೂ ಇರಲ್ಲ. ಆದ್ರೆ ಅದನ್ನ ನೋಡಿ ಹೇಳ್ಬೇಕು, ಮನೇಲಿ ಕೂತ್ಕೊಂಡು ಹೇಳಕ್ಕಾಗಲ್ಲ,” ಎಂದರು. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿರುವುದು ಕಂಡಿತು. ಮಾರನೆಯ ದಿನ ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಹತ್ತು ದಿನ ಎಂದರು. ಕ್ಯಾನ್ಸರ್ ಎಂಬ ಮಾತನ್ನು ಅವರು ಒಂದೇ ಸಲ ಆಡಿದ್ದು, ಅದೂ ಇರಬಹುದು, ಇಲ್ಲದೆಯೂ ಇರಬಹುದು ಎಂದು. ಅಲ್ಲಿಂದ ಮನೆಯವರೆಗೆ ನಾನು ಬೇರೆ ಯಾವ ಮಾತನ್ನೂ ಕೇಳಿಸಿಕೊಳ್ಳಲಿಲ್ಲ.

ಯಜಮಾನರಿಗೆ ಹೇಳಲೇಬೇಕಾಯಿತು. ಹೇಗೆ ಶುರುಮಾಡುವುದೆಂದು ತಿಳಿಯದೆ ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, ಹಳೆಯ ಚುಕ್ಕೆಗಳಿಂದ ಹಿಡಿದು ಹೇಳಿದೆ. “ಸುಶೀಲಾ, ಅದು ನೀರಿನ ಸಂಪು ತೊಳೆಸಿದ ದಿನದ ಗುರುತಲ್ವಾ?” ಎಂದರು ಪಾಪ. ಇಪ್ಪತ್ತೆಂಟು ವರ್ಷ ಅವರ ಹೆಂಡತಿ ತಿಂಗಳಿಗೊಮ್ಮೆ ಸಂಪು ತೊಳೆಸುತ್ತಿದ್ದಳೆಂದು ನಂಬಿದ್ದ ಮನುಷ್ಯ. ನನಗೆ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು. ಅವರು ಫ್ರಿಜ್ಜಿನ ಬಾಗಿಲು ತೆಗೆದು, ಮುಚ್ಚಿ, ಮತ್ತೆ ತೆಗೆದು ನೀರಿನ ಬಾಟಲಿ ಕೊಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, “ಅಮ್ಮಂಗೆ ಹೇಳೋದು ಬೇಡ. ಹಬ್ಬಕ್ಕೆ ಕೂತಿದ್ದೆ ಅಂತ ಗೊತ್ತಾದ್ರೆ ಎದೆ ಒಡ್ಕೋತಾಳೆ,” ಎಂದರು.

ಅದೇ ನನ್ನನ್ನೂ ತಿನ್ನುತ್ತಿತ್ತು. ಮುಟ್ಟು ಮೈಲಿಗೆಯಲ್ಲವೆಂದು ಪ್ರೆಸ್ಸಿನಲ್ಲಿ ನಾಲ್ಕು ಜನರ ಮುಂದೆ ವಾದಿಸಬಲ್ಲೆ. ಆದರೆ ಆ ಹತ್ತು ದಿನ ದೇವರ ಮನೆಯ ಮುಂದೆ ಹಾದುಹೋಗುವಾಗೆಲ್ಲ, ಕಲಶ ಮುಟ್ಟಿದ್ದಕ್ಕೇ ಈ ಶಿಕ್ಷೆಯೇ ಎಂಬ ಮಾತು ಒಳಗಿನಿಂದ ಎದ್ದು ಬರುತ್ತಿತ್ತು. ತಿಳಿವಳಿಕೆ ತಲೆಯಲ್ಲಿ ಇರುತ್ತದೆ, ಭಯ ಎಲ್ಲಿರುತ್ತದೆಂದು ನನಗೆ ಇನ್ನೂ ಗೊತ್ತಿಲ್ಲ. ಅದರ ಮೇಲೆ ಅತ್ತೆಯ ಒಂದೊಂದು ನಡೆಯೂ ನನ್ನನ್ನು ಕೆರಳಿಸುತ್ತಿತ್ತು. ಎಪ್ಪತ್ತಾರರ ಹೆಂಗಸು, ಈ ಬೇಸಿಗೆಯಿಂದ ತಮ್ಮ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕಲು ಬಿಡುತ್ತಿರಲಿಲ್ಲ. “ನಿನ್ ಮಿಷನ್ನು ಸೀರೆ ಹಿಂಜಾಕ್ತದೆ,” ಎಂದು ಬಕೆಟ್ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ, ತಾರಸಿಯ ಒಗೆಯುವ ಕಲ್ಲಿನ ಮೇಲೆ ತಾವೇ ಕುಕ್ಕಿ ಬರುತ್ತಿದ್ದರು. ಬಿದ್ದು ಸೊಂಟ ಮುರಿದುಕೊಂಡರೆ ನೋಡುವವಳು ನಾನಲ್ಲವೇ ಎಂದು ಹಲ್ಲು ಕಚ್ಚುತ್ತಿದ್ದೆ. ನಾನೇ ಇರುತ್ತೇನೋ ಇಲ್ಲವೋ ಎಂಬುದು ಆಮೇಲೆ ನೆನಪಾಗುತ್ತಿತ್ತು.

ಪ್ರೆಸ್ಸಿನಲ್ಲಿ ಮೇಜಿನ ಮೇಲೆ ಮುಂದಿನ ವರ್ಷವಿಡೀ ಹರಡಿತ್ತು. ಜನವರಿಯಿಂದ ಡಿಸೆಂಬರಿನವರೆಗೆ ಒಂದೊಂದೇ ಚೌಕ ಬೆರಳಿಟ್ಟು ನೋಡಬೇಕು. ಸಂಕ್ರಾಂತಿ, ಶಿವರಾತ್ರಿ, ಯುಗಾದಿ. ಯಾವ ಚೌಕದವರೆಗೆ ನಾನು ಇದ್ದೇನು ಎಂದು ಮನಸ್ಸು ಕೇಳುವುದು, ಸುಮ್ಮನಿರು ಎಂದು ನಾನು ಗದರುವುದು. ಬರುವ ಶ್ರಾವಣದ ಎರಡನೆಯ ಶುಕ್ರವಾರದ ಮೇಲೆ ಬೆರಳು ಬಂದಾಗ ಹಾಳೆ ಮುಚ್ಚಿ ಕಾಫಿಗೆ ಎದ್ದುಹೋದೆ. ಆ ವಾರ ನಾನು ಪಾಸು ಮಾಡಿದ ಫೆಬ್ರವರಿಯಲ್ಲಿ ಮೂವತ್ತು ದಿನಗಳಿದ್ದವು. ಹತ್ತೊಂಬತ್ತು ವರ್ಷದಲ್ಲಿ ಮೊದಲ ತಪ್ಪು. ಪ್ರೆಸ್ಸಿನ ಮಾಲೀಕರು ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಎರಡು ದಿನ ಹೆಚ್ಚು ಸಿಗಲಿ ಎಂಬ ಆಸೆ ನನ್ನ ಕಣ್ಣಿಗೇ ಇತ್ತೋ ಏನೋ.

ಹತ್ತನೆಯ ದಿನ ಗುರುವಾರ. ರಿಪೋರ್ಟು ತರಲು ಯಜಮಾನರೂ ಬಂದರು. ಕಾಯುವ ಬೆಂಚಿನಲ್ಲಿ ಕೂತು ಗೋಡೆಯ ಮೇಲಿನ ಬಸುರಿ ಹೆಂಗಸಿನ ಚಿತ್ರವನ್ನೇ ನೋಡುತ್ತಿದ್ದರು. ಕವರು ನನ್ನ ಕೈಗೆ ಬಂದಾಗ, ಅಕ್ಷರ ಓದುವುದೇ ಕೆಲಸವಾಗಿರುವ ನನಗೆ ಒಂದಕ್ಷರವೂ ಕಾಣಲಿಲ್ಲ. ಡಾಕ್ಟರಮ್ಮನೇ ಓದಿದರು. ಕ್ಯಾನ್ಸರ್ ಅಲ್ಲ. ಒಳಗೊಂದು ಸಣ್ಣ ಗಂಟು ಬೆಳೆದಿದೆ, ಕೆಟ್ಟದ್ದಲ್ಲ, ತೆಗೆದುಹಾಕಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಬಿಸಿ ಹತ್ತುವುದಕ್ಕೂ, ನಿದ್ದೆಗೂ, ಮಂಡಿಗೂ ಮದ್ದಿದೆ, ಇಷ್ಟು ವರ್ಷ ಯಾಕೆ ಸುಮ್ಮನೆ ಅನುಭವಿಸಿದಿರಿ ಎಂದರು. ಎಲ್ಲರಿಗೂ ಆಗ್ತದಲ್ಲ ಎಂದೆ. ನಮ್ಮ ಯಜಮಾನರು ಆಟೋದಲ್ಲಿ ಮನೆಯವರೆಗೂ ನನ್ನ ಕೈ ಬಿಡಲಿಲ್ಲ. ಮದುವೆಯಾದ ಹೊಸತರಲ್ಲೂ ಅಷ್ಟು ಹೊತ್ತು ಹಿಡಿದ ನೆನಪಿಲ್ಲ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ಭಯ ಇಳಿದ ಜಾಗದಲ್ಲಿ ಏನೋ ಒಂದು ಸಿಟ್ಟು ತುಂಬಿಕೊಂಡಿತ್ತು ನನಗೆ, ಯಾರ ಮೇಲೆಂದು ಹೇಳಲಾರೆ. ಯಜಮಾನರು ಸನ್ನೆ ಮಾಡುತ್ತಿದ್ದರೂ ಲೆಕ್ಕಿಸದೆ ಅತ್ತೆಯ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಕಲೆ, ಮಾತ್ರೆ, ಕಲಶ, ಸ್ಕ್ಯಾನು, ಹತ್ತು ದಿನ. ಬೈಯಲಿ ಎಂದೇ ಹೇಳಿದೆ. ಅವರು ಬೈಯಲಿಲ್ಲ. “ಹೊಟ್ಟೇಲಿ ಏನೂ ಇಲ್ವಂತಾ?” ಎಂದು ಕೇಳಿದರು. ಗಂಟೊಂದಿದೆ, ತೆಗೆಯುತ್ತಾರೆ ಎಂದೆ. “ತೋರಿಸ್ಕೊಂಡಿದ್ದು ಒಳ್ಳೇದಾಯ್ತು,” ಎಂದವರು ಮೊರ ಪಕ್ಕಕ್ಕಿಟ್ಟು, ಮಂಡಿ ಹಿಡಿದು ಎದ್ದು, ಒಣಗಿದ ಸೀರೆ ತರುವುದಿದೆಯೆಂದು ತಾರಸಿಗೆ ಹೋದರು. ಕಲಶದ ಬಗ್ಗೆ ಒಂದು ಮಾತೂ ಬರಲಿಲ್ಲವಲ್ಲ ಎಂದು ನಮ್ಮವರೂ ನಾನೂ ಮುಖ ಮುಖ ನೋಡಿಕೊಂಡೆವು.

ತುಂಬ ಹೊತ್ತಿನ ಮೇಲೆ ಇಳಿದು ಬಂದರು. ತಮ್ಮ ಮಗ ಹೊರಗೆ ಹೋಗಿದ್ದಾನೆಯೇ ಎಂದು ಇಣುಕಿ ನೋಡಿ, ಮಡಿಸಿದ ಸೀರೆಯನ್ನು ಎದೆಗೆ ಅವಚಿಕೊಂಡೇ ಕ್ಯಾಲೆಂಡರಿನ ಮುಂದೆ ನಿಂತರು. ದಾರದ ಪೆನ್ಸಿಲನ್ನು ಎಳೆದು ನನ್ನ ಕಡೆ ಚಾಚಿದರು.

“ನಂದೂ ಒಂದ್ ಚುಕ್ಕೆ ಹಾಕಮ್ಮ.”

ನನಗೆ ಅರ್ಥವಾಗಲಿಲ್ಲ. “ಏನತ್ತೆ?” ಎಂದೆ.

“ಯುಗಾದಿ ಆದ್ಮೇಲಿಂದ. ಆಗಾಗ ಕಾಣಿಸ್ತದೆ. ಈ ವಯಸ್ಸಲ್ಲಿ ಯಾರ್ತಾವ ಹೇಳ್ಲಿ? ನಾಚ್ಕೆ ಆಯ್ತು ಕಣಮ್ಮ.”

ತಾರಸಿಯ ಕಲ್ಲು, ಬಕೆಟ್ಟು, ಮಷೀನಿನ ಮೇಲಿನ ಸಿಟ್ಟು ಎಲ್ಲ ಒಮ್ಮೆಲೇ ನನ್ನ ಮುಂದೆ ಬಂದು ನಿಂತವು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಒಬ್ಬರಿಗೊಬ್ಬರು ತಿಳಿಯಬಾರದೆಂದು ಇಬ್ಬರು ಹೆಂಗಸರು ಬಟ್ಟೆ ಒಗೆದಿದ್ದೆವು. ನಾನು ಹಬ್ಬಕ್ಕೆ ಹೆದರಿ, ಅವರು ವಯಸ್ಸಿಗೆ ನಾಚಿ. ನನಗಾದರೂ ಕೆಲವು ವಾರ, ಅವರಿಗೆ ಐದು ತಿಂಗಳು. ಹಾಳೆಗಳನ್ನು ಹಿಂದಕ್ಕೆ ಎತ್ತಿ ಯುಗಾದಿಯ ಚೌಕ ಹುಡುಕಿದೆ. ಅವರು ತೋರಿಸಿದ ಕಡೆ ಚುಕ್ಕೆ ಇಟ್ಟೆ. ಆಮೇಲೆ ಅವರು ಅಮಾವಾಸ್ಯೆ ಹುಣ್ಣಿಮೆಗಳ ಲೆಕ್ಕದಲ್ಲಿ ನೆನಪು ಮಾಡಿಕೊಂಡು ಹೇಳುತ್ತ ಹೋದರು, ನಾನು ಇಡುತ್ತ ಹೋದೆ. ಒಟ್ಟು ಏಳು.

ಡಾಕ್ಟರಮ್ಮನಿಗೆ ಅಲ್ಲಿಂದಲೇ ಫೋನು ಮಾಡಿದೆ. ವಯಸ್ಸು ಕೇಳಿದವರೇ, ನಾಳೆ ಹತ್ತಕ್ಕೆ ಕರೆದುಕೊಂಡು ಬನ್ನಿ, ತಡ ಮಾಡಬೇಡಿ ಎಂದರು. ಪೆನ್ಸಿಲ್ ಬಿಟ್ಟು, ಪ್ರೂಫ್ ತಿದ್ದುವ ಕೆಂಪು ಪೆನ್ನನ್ನು ಬ್ಯಾಗಿನಿಂದ ತೆಗೆದು, ಮರುದಿನದ ಚೌಕದಲ್ಲಿ ಗ್ಯಾಸು, ನೀರುಗಳಿಗಿಂತ ದೊಡ್ಡದಾಗಿ ಬರೆದೆ: ಮುನಿತಾಯಮ್ಮ, ಡಾಕ್ಟರು, ಹತ್ತು ಗಂಟೆ. ಏನು ಬರೆದೆ ಎಂದು ಕೇಳಿದರು, ಓದಿ ಹೇಳಿದೆ. ಅವರ ಹೆಸರು ಆ ಗೋಡೆಯ ಮೇಲೆ ಬಂದದ್ದು ಅದೇ ಮೊದಲು. ಅವರು ಬೆರಳಿಟ್ಟು ಚೌಕಗಳನ್ನು ಎಣಿಸಿದರು.

“ನಾಳೆ ಶ್ರಾವಣ ಶುಕ್ರವಾರ ಕಣೆ. ಪೂಜೆ ಐತಲ್ಲ.”

“ಪೂಜೆ ಮುಂದಕ್ಕೆ ಹಾಕೋಣ ಅತ್ತೆ,” ಎಂದೆ.

ಅವರು ದೇವರ ಮನೆಯ ಕಡೆ ಒಮ್ಮೆ ನೋಡಿ, ಎದೆಗವಚಿದ್ದ ಸೀರೆಯನ್ನು ನನ್ನ ಕೈಗೆ ಕೊಟ್ಟರು. ಸೀರೆ ಇನ್ನೂ ಪೂರ್ತಿ ಒಣಗಿರಲಿಲ್ಲ.